ಕಡವಿಗೆಲ್ಲ ಒಂದೇ ಸೆಟ್

ಹೊಳೆಯ ಕಡವಿನಲ್ಲಿ ಬೋಟ್ ಇಳಿದು ಮೆಟ್ಟಿಲು ಹತ್ತಿದರೆ ಮೊದಲು ಮೂಗಿಗೆ ಸಿಗುವುದು ಡೀಸೆಲ್, ಆಮೇಲೆ ಕಣ್ಣಿಗೆ ಸಿಗುವುದು ರೆಕ್ಸಿನಕ್ಕನ ಅಂಗಡಿ. ಅದಕ್ಕೆ ಬೋರ್ಡು ಗೀರ್ಡು ಏನೂ ಇಲ್ಲ. ಹೊಟ್ಟೆ ಬಿರಿದುಕೊಂಡು ಬಾಗಿಲ ಮುಂದೆ ಬಿದ್ದಿರುವ ಬೋಟ್ ಸೀಟುಗಳೇ ಬೋರ್ಡು. ಒಳಗೆ ಗೋಡೆಯುದ್ದಕ್ಕೂ ರೆಕ್ಸಿನ್ ಸುರುಳಿಗಳು, ನಡುವೆ ಅಪ್ಪನ ಕಾಲದ ಕಬ್ಬಿಣದ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಅವಳು, ಅವಳ ಹಿಂದೆ ಮೂಲೆಯಲ್ಲಿ ಬಟ್ಟೆ ಚೂರುಗಳ ರಾಶಿ. ಬಂದ ಗಿರಾಕಿಗಳು ಆ ರಾಶಿಯ ಮೇಲೆಯೇ ಕೂತು ಹರಟುತ್ತಾರೆ, ಯಾಕೆಂದರೆ ಅಂಗಡಿಯಲ್ಲಿರುವ ಒಂದೇ ಕುರ್ಚಿಯ ಸೀಟು ಹರಿದು ಯಾವ ಕಾಲವಾಯಿತೋ. ಊರವರ ಸೀಟೆಲ್ಲ ಹೊಲಿಯುವವಳಿಗೆ ತನ್ನ ಕುರ್ಚಿಗೆ ಮಾತ್ರ ಪುರಸೊತ್ತಿಲ್ಲ.

ಮಾತಿನಲ್ಲಿ ಅವಳು ಕಡ್ಡಿ ಮುರಿದ ಹಾಗೆ, ಕೆಲಸದಲ್ಲಿ ಅದಕ್ಕಿಂತ ಖಡಕ್. ಹೊಲಿಗೆ ಒಂದೆಳೆ ಸೊಟ್ಟಗಾದರೆ ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ‘ಪರವಾಗಿಲ್ಲ ಬಿಡಕ್ಕ, ಯಾರು ನೋಡ್ತಾರೆ’ ಎಂದವರಿಗೆ ‘ನಾನು ನೋಡ್ತೀನಲ್ಲ’ ಎನ್ನುತ್ತಾಳೆ. ಅಮ್ಮ ಬೇಗ ಹೋದ ಮನೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಪ್ಪನ ಬಳಿ ಈ ಕೆಲಸ ಕಲಿತಳು. ನೋಡಲು ಬಂದ ಗಂಡುಗಳಿಗೆ ಹೊಲಿಗೆ ಯಂತ್ರವನ್ನೂ ತಮ್ಮನನ್ನೂ ಜೊತೆಗೇ ತರುತ್ತೇನೆ ಎಂದು ಹೇಳುತ್ತಿದ್ದಳಂತೆ. ಯಂತ್ರಕ್ಕೆ ಯಾರದೂ ತಕರಾರಿರಲಿಲ್ಲ, ತಮ್ಮ ಯಾರಿಗೂ ಬೇಕಾಗಿರಲಿಲ್ಲ. ಹಾಗಾಗಿ ಅವಳು ಕಡವಿನಲ್ಲೇ ಉಳಿದಳು. ತಮ್ಮ ಬೆಳೆದು ಹೊಳೆ ದಾಟಿಸುವ ಮೋಟಾರ್ ಬೋಟ್ ಇಟ್ಟುಕೊಂಡ, ಮದುವೆಯಾದ, ಅವನಿಗೊಬ್ಬ ಮಗಳೂ ಹುಟ್ಟಿದಳು. ಆ ಹುಡುಗಿ ಶಾಲೆಯಿಂದ ಬಂದವಳು ಮನೆಗೆ ಹೋಗುವ ಮೊದಲು ಅತ್ತೆಯ ಬಟ್ಟೆ ರಾಶಿಯಲ್ಲಿ ಒಂದು ಸಲ ಉರುಳಾಡಿಯೇ ಹೋಗುವುದು.

ಅಲ್ಲಿಯವರೆಗೆ ಕಡವಿನ ಬೋಟುಗಳಿಗೆ ಕಾಗದ ಪತ್ರ ಎನ್ನುವುದು ಇರಲಿಲ್ಲ. ನೀರಿಗೆ ಇಳಿಸಿದರೆ ಆಯಿತು, ಅದೇ ನೋಂದಣಿ. ಬೇರೆಲ್ಲೋ ಒಂದು ಬೋಟ್ ಮಗುಚಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಮೋಟಾರ್ ಇರುವ ಪ್ರತಿಯೊಂದು ಬೋಟೂ ನೋಂದಣಿಯಾಗಬೇಕು, ಇಲ್ಲದಿದ್ದರೆ ಎಂಜಿನ್ ಬಿಚ್ಚಿ ತೆಗೆದುಕೊಂಡು ಹೋಗುತ್ತೇವೆ ಎಂದು ಆದೇಶ ಬಂತು. ಬೋಟಿನ ಉದ್ದಗಲ ಅಳೆಯಬೇಕು, ಎಂಜಿನ್ ನಂಬರ್ ತೋರಿಸಬೇಕು, ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಇಷ್ಟರ ತನಕ ಯಾರಿಗೂ ತೊಂದರೆಯಿರಲಿಲ್ಲ. ಕೂರುವ ಪ್ರತಿಯೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್ ಇರಬೇಕು ಎಂಬಲ್ಲಿ ಎಲ್ಲರೂ ತಲೆ ಕೆರೆದುಕೊಂಡರು.

ಬೋಟ್ ಮಾಲೀಕರ ಸಂಘದ ಯಜಮಾನ ತಲೆ ಕೆರೆದುಕೊಂಡು ಕೂರುವ ಆಸಾಮಿಯಲ್ಲ. ಯಾವುದೋ ಮುಚ್ಚಿಹೋದ ಈಜುಕೊಳದ ಗೋದಾಮಿನಿಂದ ಹಳೆಯ ಜಾಕೆಟ್‌ಗಳ ಗಂಟೊಂದನ್ನು ತಂದು ರೆಕ್ಸಿನಕ್ಕನ ಮುಂದೆ ಸುರಿದ. ಅವಳು ಒಂದನ್ನೆತ್ತಿ ಒದರಿದಳು. ಹೊಲಿಗೆಯ ಸಂದಿಯಿಂದ ಹಳದಿ ಫೋಮು ಹಿಟ್ಟಿನ ಹಾಗೆ ಉದುರಿತು.

‘ಒಳಗಿರೋದೆಲ್ಲ ಪುಡಿ ಆಗಿದೆಯಲ್ಲ ಯಜಮಾನ್ರೇ.’

‘ಅದಕ್ಕೇ ನಿನ್ನ ಹತ್ರ ತಂದಿದ್ದು. ಮೇಲೆ ಹೊಸ ಬಟ್ಟೆ ಹಾಕು, ಒಳಗೆ ಏನಾದ್ರೂ ತುಂಬು.’

‘ಏನಾದ್ರೂ ಅಂದ್ರೆ ಆಗತ್ತಾ? ತೇಲೋ ಫೋಮು ಬೇರೆನೇ ಇರತ್ತೆ. ದೂರದಿಂದ ತರಿಸ್ಬೇಕು, ತಡ ಆಗತ್ತೆ.’

‘ತಪಾಸಣೆ ಬಾಗಿಲಿಗೆ ಬಂದು ಕೂತಿದೆ, ನೀನು ತಡ ಅಂತೀಯ. ಇದನ್ನ ಹಾಕ್ಕೊಂಡು ಯಾರಮ್ಮ ನೀರಿಗೆ ಹಾರ್ತಾರೆ? ಇನ್ಸ್‌ಪೆಕ್ಟರ್ ಬರ್ತಾರೆ, ಎಣಿಸ್ತಾರೆ, ಹೋಗ್ತಾರೆ. ಕಡವಿಗೆಲ್ಲ ಒಂದೇ ಸೆಟ್ ಸಾಕು, ಒಂದು ಬೋಟಿಂದ ಇನ್ನೊಂದಕ್ಕೆ ದಾಟಿಸಿದ್ರಾಯ್ತು. ನಂಬರ್ ಕೈಗೆ ಬಂದ್ಮೇಲೆ ಎಲ್ರೂ ಸರಿಯಾದ್ದೇ ತಗೋತಾರೆ.’

ತಗೊಳ್ಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಾಲಿನಲ್ಲಿ ತಮ್ಮನ ಬೋಟೂ ಇತ್ತು. ಎಂಜಿನ್ ಬಿಚ್ಚಿಕೊಂಡು ಹೋದರೆ ಅವನ ಕೈ ಕಟ್ಟಿದ ಹಾಗೆ. ಅವಳು ಕೆಲಸಕ್ಕೆ ಕೂತಳು. ಕಿತ್ತಳೆ ಬಣ್ಣದ ಹೊಸ ಬಟ್ಟೆ, ಗಟ್ಟಿ ಪಟ್ಟಿ, ಕ್ಲಿಪ್ಪು. ಒಳಗೆ ಮಾತ್ರ ಹಳೆ ಹಾಸಿಗೆಯ ಹತ್ತಿ, ಮೂಲೆಯ ರಾಶಿಯಿಂದ ಬಾಚಿದ ಬಟ್ಟೆ ಚೂರು. ಒಂದೆಳೆ ಸೊಟ್ಟವಾಗದ ಹಾಗೆ ಹೊಲಿದಳು. ಇಷ್ಟು ಚಂದದ ಜಾಕೆಟ್ ಆ ಹೊಳೆ ಯಾವತ್ತೂ ಕಂಡಿರಲಿಲ್ಲ. ತುಂಬಿದ್ದು ಏನೆಂದು ಅವಳು ಹೇಳಲಿಲ್ಲ, ಯಜಮಾನ ಕೇಳಲಿಲ್ಲ, ಬೇರೆಯವರಿಗೆ ಕೇಳಬೇಕೆಂದು ಹೊಳೆಯಲೂ ಇಲ್ಲ.

ತಪಾಸಣೆ ನಾಟಕಕ್ಕೇನೂ ಕಡಿಮೆಯಿರಲಿಲ್ಲ. ಇನ್ಸ್‌ಪೆಕ್ಟರ್ ಒಂದು ಬೋಟ್ ಅಳೆದು ಎಣಿಸಿ ಇಳಿಯುವುದೇ ತಡ, ಯಜಮಾನ ಅವರ ತೋಳು ಹಿಡಿದು ಚಹಾ ಕುಡಿಸಲು ಕರೆದೊಯ್ಯುವುದು. ಅಷ್ಟರಲ್ಲಿ ಜಾಕೆಟ್‌ಗಳು ಕೈಯಿಂದ ಕೈಗೆ ಹಾರಿ ಪಕ್ಕದ ಬೋಟಿನ ಸೀಟಿನಡಿ ಹೋಗಿ ಸಾಧುವಾಗಿ ಕೂರುವುದು. ಚಹಾ ಕುಡಿದು ಕುಡಿದು ಇನ್ಸ್‌ಪೆಕ್ಟರರ ಹೊಟ್ಟೆ ಉಬ್ಬಿತೇ ಹೊರತು ಅನುಮಾನ ಬಂದಂತೆ ಕಾಣಲಿಲ್ಲ. ಅವರು ತೆಳ್ಳಗಿನ, ಮೆಲುದನಿಯ ಮನುಷ್ಯ. ಕೊನೆಗೆ ಉಳಿದದ್ದು ರೆಕ್ಸಿನಕ್ಕನ ತಮ್ಮನ ಬೋಟ್. ಅದನ್ನು ಹತ್ತಿ ಇನ್ಸ್‌ಪೆಕ್ಟರ್ ಒಂದು ಜಾಕೆಟ್ ಕೈಗೆ ತೆಗೆದುಕೊಂಡರು, ತಿರುಗಿಸಿ ನೋಡಿದರು, ನಕ್ಕರು.

‘ಈ ಎಣ್ಣೆ ಕಲೆ ನಾನು ಬೆಳಗ್ಗೆಯಿಂದ ಪ್ರತಿ ಬೋಟಲ್ಲೂ ನೋಡ್ತಾ ಇದ್ದೀನಿ,’ ಎಂದರು. ‘ಚಹಾ ಚೆನ್ನಾಗಿತ್ತು ಯಜಮಾನ್ರೇ. ಉಳಿದೋರ ನಂಬರ್ ಸದ್ಯಕ್ಕೆ ಇರ್ಲಿ, ಅವರ ಜಾಕೆಟ್ ಕಥೆ ಆಮೇಲೆ ನೋಡೋಣ. ಇವು ಮಾತ್ರ ಇನ್ನು ಎಲ್ಲಿಗೂ ಹಾರಲ್ಲ.’

ಚೀಲದಿಂದ ತಗಡಿನ ಅಚ್ಚು, ಬಣ್ಣದ ಡಬ್ಬಿ ತೆಗೆದು ತಮ್ಮನ ಬೋಟಿನ ಹೊಸ ನಂಬರನ್ನು ಪ್ರತಿ ಜಾಕೆಟ್ಟಿನ ಬೆನ್ನಿಗೂ ಬಳಿದರು. ಬೋಟಿನಿಂದ ಒಂದನ್ನೂ ಇಳಿಸಕೂಡದು, ಯಾವಾಗ ಬೇಕಾದರೂ ಬಂದು ನೋಡುತ್ತೇನೆ ಎಂದೂ ಹೇಳಿದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ರೆಕ್ಸಿನಕ್ಕ ಸರಸರನೆ ಅಂಗಡಿಯೊಳಗೆ ಹೋದಳು.

ತಮ್ಮನಿಗೋ ಸ್ವರ್ಗಕ್ಕೆ ಮೂರೇ ಗೇಣು. ಅಂಗಡಿಗೆ ಓಡಿಬಂದು ರಾಶಿಯ ಮೇಲೆ ಧೊಪ್ಪನೆ ಕೂತ.

‘ಅಕ್ಕಾ, ಸೆಟ್ಟೇ ನಂಗೆ ದಕ್ಕಿತು ನೋಡು. ಯಜಮಾನ್ರ ಮುಖ ನೋಡ್ಬೇಕಿತ್ತು ನೀನು, ಇಂಗು ತಿಂದ ಮಂಗನ ಹಾಗಿತ್ತು. ಕಡವಲ್ಲಿ ಜಾಕೆಟ್ ಇರೋ ಬೋಟ್ ಅಂದ್ರೆ ಇನ್ಮೇಲೆ ನಂದೊಂದೇ.’

‘ಅವು ಹಳೇವು ಕಣೋ,’ ಎಂದಳು ಅವಳು.

‘ನಿನ್ನ ಕೈ ಬಿದ್ದ ಮೇಲೆ ಹಳೇದು ಹೊಸದು ಅಂತಿದೆಯಾ?’

ಆಗ ಹೇಳಿಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿ ತೆರೆದಳು ಕೂಡ. ಅವನ ಕಣ್ಣಲ್ಲಿದ್ದ ಖುಷಿ ಕಂಡು ಮಾತು ನುಂಗಿಕೊಂಡಳು. ನಾಳೆ ಹೇಳೋಣ ಎಂದುಕೊಂಡಳು. ಸುಳ್ಳು ಹೊಲಿದವಳಿಗೆ ಆ ನಾಳೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಹತ್ತಿ ತೇಲಿದರೂ ತೇಲಬಹುದು ಎಂಬ ಆಸೆಯೊಂದು ಅವಳಿಗಿತ್ತು. ಮಿಕ್ಕ ಬಟ್ಟೆಯಲ್ಲಿ ಅದೇ ಹತ್ತಿ, ಅದೇ ಚೂರು ತುಂಬಿ ಒಂದು ಜಾಕೆಟ್ ಹೊಲಿದು ಹಿತ್ತಿಲ ತೊಟ್ಟಿಯ ನೀರಿಗೆ ಬಿಟ್ಟಳು. ಅದು ಬಾತುಕೋಳಿಯ ಹಾಗೆ ತೇಲಿತು. ಒತ್ತಿದರೆ ಪುಟಿದು ಮೇಲೆ ಬಂತು. ಅವಳಿಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ಅನ್ನಕ್ಕಿಟ್ಟಳು, ಹಾಡು ಕೂಡ ಗುನುಗಿದಳು. ಅನ್ನ ಬಸಿದು ಬಂದು ನೋಡಿದರೆ ತೊಟ್ಟಿಯ ಮೇಲೆ ಏನೂ ಇರಲಿಲ್ಲ. ಕೈ ಹಾಕಿ ತಳದಿಂದ ಎತ್ತಿದಳು. ನೀರು ಕುಡಿದ ಜಾಕೆಟ್ ಒದ್ದೆ ಕಂಬಳಿಗಿಂತ ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದರೂ ತೊಟ್ಟಿಯ ಅಂಚು ದಾಟಿಸಲು ಏದುಸಿರು ಬಂತು. ಇದನ್ನು ಕಟ್ಟಿಕೊಂಡವರು ಸುಮ್ಮನೆ ಮುಳುಗುವುದಲ್ಲ, ಇದೇ ಅವರನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ. ಅವತ್ತು ಮಾಡಿದ ಅನ್ನ ಹಾಗೇ ಉಳಿಯಿತು.

ಯಜಮಾನನ ಬಳಿ ಓಡಿದಳು. ಅವನು ಮನೆಯ ಮುಂದೆ ಕೂತು ಎಂಜಿನ್ನಿನ ಬಿಡಿಭಾಗ ಒರೆಸುತ್ತಿದ್ದ. ತೊಟ್ಟಿಯ ವಿಷಯ ಕೇಳಿ ಒರೆಸುವುದನ್ನು ಒಂದು ಗಳಿಗೆ ನಿಲ್ಲಿಸಿದ, ಮತ್ತೆ ಶುರುಮಾಡಿದ.

‘ಬಾಯಿ ಬಿಟ್ರೆ ಎಲ್ಲರ ನಂಬರೂ ಹೋಗತ್ತೆ. ನಿನ್ನ ತಮ್ಮಂದು ಮೊದಲು ಹೋಗತ್ತೆ,’ ಎಂದ. ‘ಇಷ್ಟು ವರ್ಷ ಯಾವ ಜಾಕೆಟ್ ಇತ್ತು ಈ ಹೊಳೇಲಿ? ಯಾರಾದ್ರೂ ಬಿದ್ರಾ? ಸುಮ್ನೆ ತಲೆ ಕೆಡಿಸ್ಕೋಬೇಡ.’

ಯಾರೂ ಬಿದ್ದಿರಲಿಲ್ಲ ಎನ್ನುವುದು ನಿಜ. ಜಾಕೆಟ್ ಇಲ್ಲದಾಗ ಜನ ಅಂಚು ಗಟ್ಟಿಯಾಗಿ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಗಾಳಿ ಎದ್ದರೆ ಬೋಟ್ ಕಟ್ಟಿ ಹಾಕುತ್ತಿದ್ದರು. ಈಗ ಬೆನ್ನಿಗೆ ಸರ್ಕಾರಿ ನಂಬರ್ ಬಿದ್ದಿದೆ. ಮಕ್ಕಳನ್ನು ಹೊಳೆಯಾಚೆಯ ಶಾಲೆಗೆ ಕಳಿಸುವ ತಾಯಂದಿರು ಬೇರೆ ಬೋಟ್ ಬಿಟ್ಟು ತಮ್ಮನ ಬೋಟಿಗೇ ಕಾಯತೊಡಗಿದರು. ಅವನಿಗೂ ಧೈರ್ಯ ಬಂತು. ಮೊದಲು ಮೋಡ ಕಂಡರೆ ಹಿಂಜರಿಯುತ್ತಿದ್ದವನು ಈಗ ಅಲೆಯಿದ್ದರೂ ಎಂಜಿನ್ ಚಾಲೂ ಮಾಡುತ್ತಿದ್ದ. ‘ಜಾಕೆಟ್ ಇದೆಯಲ್ಲ’ ಎನ್ನುವುದು ಅವನ ಬಾಯಿಮಾತಾಯಿತು. ಹಾಕಿಕೊಳ್ಳದವರನ್ನು ಹತ್ತಿಸುತ್ತಲೇ ಇರಲಿಲ್ಲ. ಅಂಗಡಿಯೊಳಗೆ ಕೂತೇ ಅವಳಿಗೆ ಅವನ ಗದರಿಕೆ ಕೇಳುತ್ತಿತ್ತು. ‘ಕ್ಲಿಪ್ ಹಾಕಮ್ಮ, ಕ್ಲಿಪ್ ಹಾಕು, ಬಿಗಿಯಾಗಿ.’ ಒಂದೊಂದು ಕ್ಲಿಪ್ಪಿಗೂ ಅವಳು ಯಂತ್ರ ನಿಲ್ಲಿಸುತ್ತಿದ್ದಳು.

ಒಗೆದು ಕೊಡುತ್ತೇನೆ ಎಂದು ಕೇಳಿನೋಡಿದಳು. ಹೊಲಿಗೆ ಬಿಟ್ಟಿದೆ, ಸರಿಮಾಡಬೇಕು ಎಂದಳು. ತಮ್ಮ ಎಲ್ಲವನ್ನೂ ಎತ್ತಿ ಹಿಡಿದು ನೋಡಿ, ‘ಎಲ್ಲಿ ಬಿಟ್ಟಿದೆ? ನಿನ್ನ ಹೊಲಿಗೆ ಬಿಡತ್ತಾ? ಇಳಿಸಿದ್ರೆ ಇನ್ಸ್‌ಪೆಕ್ಟರ್ ನನ್ನ ಚರ್ಮ ಸುಲೀತಾರೆ’ ಎಂದ. ತೇಲುವ ಫೋಮನ್ನು ತರಿಸಿ ಅಂಗಡಿಯಲ್ಲಿಟ್ಟುಕೊಂಡಳು. ಅದು ಮೂಲೆಯಲ್ಲಿ ನಿಂತು ಅವಳನ್ನು ನೋಡುತ್ತಿತ್ತು, ಅವಳು ಅದರ ಕಡೆ ನೋಡುತ್ತಿರಲಿಲ್ಲ. ಅವಳ ಹೊಲಿಗೆ ಮೊದಲ ಬಾರಿಗೆ ಸೊಟ್ಟಗಾಯಿತು, ಅವಳು ಬಿಚ್ಚಲೂ ಇಲ್ಲ. ಜಾಕೆಟ್ ಹಾಕಿಕೊಂಡ ಒಂದು ಮಗು ಬೋಟಿನಿಂದ ನಕ್ಕರೂ ಮುಖ ತಿರುಗಿಸುತ್ತಿದ್ದಳು. ತಾನು ಹೇಡಿ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೇ ದಿನ ದೂಡಿದಳು.

ಆ ಬೆಳಗ್ಗೆ ಎದ್ದಾಗಲೇ ಗಾಳಿ. ಹೊಳೆಯ ಮೈಯೆಲ್ಲ ಸುಕ್ಕು. ಉಳಿದ ಬೋಟಿನವರು ಹಗ್ಗ ಬಿಗಿದು ಕಟ್ಟಿ ಬೀಡಿ ಹಚ್ಚಿ ಕೂತಿದ್ದರು. ತಮ್ಮ ಮಾತ್ರ ಎಂಜಿನ್ ಚಾಲೂ ಮಾಡಿದ್ದ. ಬೋಟಿನ ತುಂಬ ಶಾಲೆಯ ಮಕ್ಕಳು, ಕೆಲಸಕ್ಕೆ ಹೊರಟ ಹೆಂಗಸರು, ಎಲ್ಲರ ಮೈಮೇಲೂ ಕಿತ್ತಳೆ ಬಣ್ಣ. ಮುಂದಿನ ಸೀಟಿನಲ್ಲಿ ಅವನ ಮಗಳು. ಅಂಚಿನ ಮೇಲೆ ಅರ್ಧ ಮಲಗಿ, ಕೈಯನ್ನು ನೀರಿಗೆ ಬಿಟ್ಟು ಅಲೆಯನ್ನು ಹೊಡೆಯುತ್ತಿದ್ದಳು.

‘ಬೀಳ್ತೀಯ, ಸರಿಯಾಗಿ ಕೂತ್ಕೋ,’ ಎಂದು ಹೆಂಗಸೊಬ್ಬಳು ಗದರಿದಳು.

‘ಬಿದ್ರೆ ಏನಾಗತ್ತೆ? ಇದು ನಮ್ಮತ್ತೆ ಹೊಲಿದಿರೋದು,’ ಎಂದಳು ಹುಡುಗಿ.

ಮೆಟ್ಟಿಲ ಮೇಲಿದ್ದ ರೆಕ್ಸಿನಕ್ಕನಿಗೆ ಆ ಮಾತು ಕೇಳಿಸಿತು. ಹೇಗೆ ಇಳಿದಳೋ, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಸೊಂಟದವರೆಗೆ ನೀರಿಗಿಳಿದು ಬೋಟಿನ ಹಗ್ಗ ಹಿಡಿದುಕೊಂಡಳು.

‘ಎಂಜಿನ್ ಆರಿಸು. ಎಲ್ರೂ ಇಳೀರಿ. ಇದರಲ್ಲಿ ಫೋಮಿಲ್ಲ. ಹತ್ತಿ ತುಂಬಿದ್ದೀನಿ, ಬಟ್ಟೆ ಚೂರು ತುಂಬಿದ್ದೀನಿ. ಇವು ತೇಲಲ್ಲ, ಮುಳುಗ್ತವೆ.’

ತಮ್ಮ ಎಂಜಿನ್ ಆರಿಸಿದ, ನಗುತ್ತಲೇ. ಅಕ್ಕನಿಗೆ ಗಾಳಿ ಕಂಡು ಹೆದರಿಕೆಯಾಗಿದೆ ಎಂದುಕೊಂಡ. ಬೀಡಿ ಸೇದುತ್ತಿದ್ದವರೂ ಎದ್ದು ಬಂದರು. ಯಜಮಾನ ಮೇಲಿನಿಂದಲೇ, ‘ಅವಳಿಗೆ ಜ್ವರ ಗಿರ ಬಂದಿರ್ಬೇಕು, ಮನೆಗೆ ಕರ್ಕೊಂಡು ಹೋಗಿ’ ಎಂದ. ಅವಳು ಸೀಟಿನ ಮೇಲಿದ್ದ ಜಾಕೆಟ್ ಒಂದನ್ನು ಎಳೆದು ನೀರಿಗೆ ಎಸೆದಳು.

ಅದು ತೇಲಿತು. ಬೆನ್ನ ಮೇಲಿನ ನಂಬರ್ ಕಾಣುವ ಹಾಗೆ, ಜಂಬದಿಂದ ತೇಲಿತು. ಜನ ಗೊಳ್ಳೆಂದು ನಕ್ಕರು. ‘ಚೆನ್ನಾಗೇ ಮುಳುಗ್ತಾ ಇದೆ ಅಕ್ಕಾ’ ಎಂದನೊಬ್ಬ.

‘ಕಾಯಿರಿ,’ ಎಂದಳು ಅವಳು.

ಕಾದರು. ಮೊದಮೊದಲು ತಮಾಷೆ ನಡೆಯಿತು. ಜಾಕೆಟ್ ಅಲೆಯ ಮೇಲೆ ಕುಣಿಯುತ್ತಿತ್ತು. ಆಮೇಲೆ ಅದರ ಒಂದು ಭುಜ ವಾಲಿತು. ಕಿತ್ತಳೆ ಬಣ್ಣ ಒದ್ದೆಯಾಗಿ ಕಂದಾಗುತ್ತ ಬಂತು. ತಮಾಷೆ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ನೀರಿನಂಚಿಗೆ ಬಂದು ಬಗ್ಗಿ ನೋಡಿದರು. ನಂಬರಿನ ಅರ್ಧ ನೀರಿನೊಳಗೆ ಹೋಯಿತು, ಉಳಿದರ್ಧವೂ ಹೋಯಿತು. ಕೊನೆಗೆ ಒಂದು ಪಟ್ಟಿಯಷ್ಟೇ ಮೇಲೆ ಆಡುತ್ತಿತ್ತು, ಅದೂ ಇಲ್ಲವಾಯಿತು. ಹೆಂಗಸರು ಮಕ್ಕಳ ಕ್ಲಿಪ್ ಬಿಚ್ಚತೊಡಗಿದರು.

ತಮ್ಮ ಮುಂದಿನ ಸೀಟಿಗೆ ಹೋಗಿ ಮಗಳ ಜಾಕೆಟ್ ಬಿಚ್ಚಿದ. ಬಿಗಿಯಾಗಿ ಹಾಕಿಸಿದ್ದ ಕ್ಲಿಪ್ ಬೇಗ ಬರಲಿಲ್ಲ. ಮಗಳನ್ನು ಎತ್ತಿಕೊಂಡು ಇಳಿದು ಅಕ್ಕನ ಎದುರು ನೀರಿನಲ್ಲೇ ನಿಂತ.

‘ಯಾವತ್ತಿಂದ ಗೊತ್ತಿತ್ತು ನಿಂಗೆ?’

‘ಹೊಲಿದ ದಿನದಿಂದ.’

ಅವನು ಬೈದಿದ್ದರೆ ಚೆನ್ನಾಗಿತ್ತು. ಮಗಳನ್ನು ಇನ್ನೊಂದು ಭುಜಕ್ಕೆ, ಅಕ್ಕನಿಂದ ದೂರದ ಭುಜಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ.

ಇನ್ಸ್‌ಪೆಕ್ಟರ್ ಕಚೇರಿಗೆ ಅವಳೇ ಹೋದಳು, ಯಾರೂ ಕರೆಸುವ ಮೊದಲು. ಒದ್ದೆ ಜಾಕೆಟ್ ಒಂದನ್ನು ಮೇಜಿನ ಮೇಲಿಟ್ಟು ‘ಹೊಲಿದೋಳು ನಾನು’ ಎಂದಳು. ಅವರು ಅದನ್ನು ಬೆರಳಿನಿಂದ ಒತ್ತಿದರು. ನೀರು ಜಿನುಗಿ ಮೇಜಿನಂಚಿಗೆ ಹರಿಯಿತು. ‘ನಾನೂ ಎಣಿಸಿದೆ, ನಂಬರ್ ಬಳಿದೆ, ಒತ್ತಿ ನೋಡ್ಲಿಲ್ಲ’ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆ ಮಾತಿನಿಂದ ಅವಳ ಭಾರವೇನೂ ಕಡಿಮೆಯಾಗಲಿಲ್ಲ. ಎಲ್ಲ ಬೋಟಿನ ನೋಂದಣಿಯನ್ನೂ ತಡೆಹಿಡಿದರು. ಎಲ್ಲರೂ ತಮ್ಮ ತಮ್ಮ ಜಾಕೆಟ್‌ಗಳನ್ನು ಒಂದೇ ಹೊತ್ತಿಗೆ ತಂದು ತೋರಿಸಬೇಕು ಎಂದಾಯಿತು. ಕಡವು ಮುಚ್ಚಿತು, ಜನ ದೂರದ ಸೇತುವೆ ಸುತ್ತಿ ನಡೆದರು.

ಬೋಟಿನವರು ಅವಳಿಗೆ ಹಿಡಿಶಾಪ ಹಾಕಿದರು. ಹತ್ತಿ ತುಂಬಿದ್ದಕ್ಕಲ್ಲ, ಹೇಳಿದ್ದಕ್ಕೆ. ಅದನ್ನು ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ಮಕ್ಕಳ ತಾಯಂದಿರು ಅಂಗಡಿಯ ಮುಂದೆ ಹಾಯುವಾಗ ಮಗುವನ್ನು ಆಚೆ ಬದಿಗೆ ಎಳೆದುಕೊಂಡು ಹೋಗುತ್ತಿದ್ದರು. ಅದನ್ನು ಮಾತ್ರ ಯಾವ ಕಿವಿಯಲ್ಲೂ ಬಿಡಲಾಗಲಿಲ್ಲ. ತಪ್ಪು ಅವರದಲ್ಲ ಎಂದು ಗೊತ್ತಿತ್ತು. ಹೀಗಿದ್ದೂ ಕಡವಿನಲ್ಲಿ ಜಾಕೆಟ್ ಹೊಲಿಯಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಬೈದವರೇ ಕೆಲಸವನ್ನೂ ತಂದರು. ಸರಿಯಾದ ಫೋಮು ಕತ್ತರಿಸಿ, ತುಂಬಿ, ಅವಳು ಹಗಲೆಲ್ಲ ಹೊಲಿದಳು. ತಮ್ಮನ ಬೋಟಿನದನ್ನು ಎಲ್ಲರಿಗಿಂತ ಮೊದಲು ಮುಗಿಸಿ ಹೇಳಿಕಳಿಸಿದಳು.

ಅವನು ಬಂದ, ಮಗಳ ಕೈ ಹಿಡಿದುಕೊಂಡು. ಅವತ್ತಿನ ನಂತರ ಅಂಗಡಿಗೆ ಬಂದದ್ದು ಅದೇ ಮೊದಲು. ಕೂರಲಿಲ್ಲ. ಹುಡುಗಿಯೂ ರಾಶಿಯ ಕಡೆ ಓಡಲಿಲ್ಲ, ಅಪ್ಪನ ಪಕ್ಕದಲ್ಲೇ ನಿಂತಳು. ರೆಕ್ಸಿನಕ್ಕ ಗಂಟಿನ ಮೇಲಿನಿಂದ ಒಂದು ಪುಟ್ಟ ಜಾಕೆಟ್ ತೆಗೆದು ಚಾಚಿದಳು. ಹುಡುಗಿಯ ಅಳತೆಗೆಂದೇ ಹೊಲಿದದ್ದು, ಅಂಚಿಗೆ ಅವಳಿಗಿಷ್ಟದ ನೀಲಿ ಪಟ್ಟಿ ಬೇರೆ.

ಹುಡುಗಿ ಅದನ್ನು ತೆಗೆದುಕೊಂಡಳು. ಎರಡೂ ಕೈಯಲ್ಲಿ ಒತ್ತಿ ನೋಡಿದಳು, ಮೂಸಿ ನೋಡಿದಳು.

‘ಅತ್ತೆ, ಇದು ನಿಜದ್ದಾ?’

‘ಹೌದು ಕಂದಾ, ನಿಜದ್ದು,’ ಎಂದಳು ರೆಕ್ಸಿನಕ್ಕ.

ಹುಡುಗಿ ತಿರುಗಿ ಅಪ್ಪನ ಮುಖ ನೋಡಿದಳು. ಅವನು ಉಳಿದ ಜಾಕೆಟ್‌ಗಳ ಗಂಟನ್ನು ಭುಜಕ್ಕೇರಿಸಿಕೊಂಡ.

‘ನೀರಿಗೆ ಹಾಕಿ ನೋಡೋಣ ಬಾ,’ ಎಂದ ಮಗಳಿಗೆ.

ಅವರಿಬ್ಬರೂ ಮೆಟ್ಟಿಲಿಳಿದು ಹೋದರು. ಅವನು ಮಾಡಿದ್ದು ಸರಿಯೇ, ಹಾಗೇ ಮಾಡಬೇಕು ಎಂದು ರೆಕ್ಸಿನಕ್ಕ ತನಗೆ ತಾನೇ ಹೇಳಿಕೊಂಡಳು. ಬಾಗಿಲಿನವರೆಗೆ ಹೋಗಿ ನೋಡುವ ಧೈರ್ಯ ಬರದೆ, ಯಂತ್ರದ ಮುಂದೆ ಕೂತು ಕಾದಳು.